ಬಸ್ಸಿಗೆ ಕೊಟ್ಟು ಕಳಿಸಿದ ಗುಳಿಗೆ

ಅಕ್ಕನ ಎಡಗೈಗೆ ಈಗ ಬಿಸಿ, ತಂಪು ಎರಡೂ ಗೊತ್ತಾಗುವುದಿಲ್ಲ. ಬಾಣಲೆಯ ಅಂಚು ತಾಗಿ ಬೊಬ್ಬೆ ಎದ್ದ ಮೇಲೆ ಕಣ್ಣಿನಿಂದ ನೋಡಿ, ಓ ಸುಟ್ಟಿದೆ ಎಂದು ತಿಳಿದುಕೊಳ್ಳುತ್ತಾಳೆ. ಆ ಕೈ ಹಾಗಾಗಲು ಕಾರಣವಾಗಿರಬಹುದಾದ ಗುಳಿಗೆಗಳನ್ನು ಹದಿನಾಲ್ಕು ವರ್ಷ ಶಿರಸಿಯಿಂದ ಯಲ್ಲಾಪುರದ ಬಸ್ಸಿಗೆ ಕೊಟ್ಟು ಕಳಿಸಿದವಳು ನಾನು. ಡಾಕ್ಟರಿಗೆ ಹೇಳಿದೆ. ಅಕ್ಕನಿಗೆ ಹೇಳಲಿಲ್ಲ. ಈ ಭಾನುವಾರ ಹೇಳುತ್ತೇನೆ, ಮುಂದಿನ ಸಲ ಹೋದಾಗ ಹೇಳುತ್ತೇನೆ ಎಂದುಕೊಂಡೇ ಒಂದು ವರ್ಷ ದಾಟಿತು. ಆ ವರ್ಷವಿಡೀ ನಾನು ಕೊರಗಿದೆ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಒಳಗೆ ಏನೂ ಆಗುತ್ತಿರಲಿಲ್ಲ. ನನಗೆ ವಿಚಿತ್ರ ಅನ್ನಿಸುತ್ತಿದ್ದದ್ದು ಅದೊಂದೇ.

ನಾನು ಶಿರಸಿಯ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಫಾರ್ಮಸಿ ಡಿಪ್ಲೊಮಾ ಮುಗಿಸಿದ ವರ್ಷ ಆ ಕೌಂಟರಿನ ಹಿಂದೆ ನಿಂತವಳು ಇನ್ನೂ ಅಲ್ಲೇ ನಿಂತಿದ್ದೇನೆ. ನನ್ನ ಬಾಯಿ ಜೋರು ಎಂದು ಪೇಟೆಯಲ್ಲಿ ಹೆಸರಿದೆ, ಹೆಸರು ಸುಮ್ಮನೆ ಬಂದದ್ದಲ್ಲ. ಚೀಟಿ ಇಲ್ಲದೆ ನಿದ್ದೆ ಗುಳಿಗೆ ಕೇಳಿದರೆ, ಕೇಳಿದವರು ಎಷ್ಟು ದೊಡ್ಡವರಾದರೂ ಬಂದ ದಾರಿ ತೋರಿಸುತ್ತೇನೆ. ಸಂಜೆಯಾದರೆ ಕೆಮ್ಮೇ ಇಲ್ಲದ ಗಂಡಸರು ಕೆಮ್ಮಿನ ಸಿರಪ್ ಕೇಳಿಕೊಂಡು ಬರುತ್ತಾರೆ. "ಎಲ್ಲಿ, ಒಂದು ಸಲ ಕೆಮ್ಮಿ ತೋರಿಸಿ ನೋಡ್ವ" ಎನ್ನುತ್ತೇನೆ. ಒಬ್ಬಿಬ್ಬರು ಪಾಪ, ನಿಜವಾಗಿಯೂ ಕೆಮ್ಮಿ ತೋರಿಸಿದ್ದುಂಟು. ಹೈವೇಯಲ್ಲಿ ಲಾರಿ ಓಡಿಸುವವರು ಬಂದು ಕಣ್ಣು ಮುಚ್ಚದ ಹಾಗೆ ಏನಾದರೂ ಇದೆಯಾ ಎಂದು ಕೇಳುತ್ತಾರೆ. ಚಾ ಕುಡಿದು ಲಾರಿಯಲ್ಲೇ ಒಂದು ತಾಸು ಮಲಗಿ ಎಂದು ಗದರಿ ಕಳಿಸುತ್ತೇನೆ. ನಮ್ಮ ಅಂಗಡಿಯ ಯಜಮಾನರು ಒಳಗಿನಿಂದ ಇದನ್ನೆಲ್ಲ ಕೇಳಿ ನಗುತ್ತಾರೆ.

ಈ ಶಿಸ್ತೆಲ್ಲ ಬಲಗಡೆಯ ಎರಡನೇ ಡ್ರಾಯರಿನ ಹತ್ತಿರ ಬಂದರೆ ನಿಂತುಬಿಡುತ್ತಿತ್ತು. ಅದರಲ್ಲಿ ಇರುವುದು ಮುಟ್ಟು ಮುಂದೆ ಹಾಕುವ ಗುಳಿಗೆ.

ನಮ್ಮ ಕಡೆಯ ತೋಟದ ಮನೆತನಗಳಲ್ಲಿ ಹೆಂಗಸರು ಮುಟ್ಟಾದರೆ ಮೂರು ದಿನ ಹೊರಗೆ. ಅಡುಗೆಮನೆ ಇಲ್ಲ, ದೇವರ ಕೋಣೆ ಇಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ. ಹೊರಗಾದ ಇಬ್ಬರು ಒಬ್ಬರನ್ನೊಬ್ಬರು ಮುಟ್ಟಬಹುದು, ಅಷ್ಟೇ. ನಾಲ್ಕನೇ ದಿನ ಮಿಂದು ಒಳಗೆ. ಈಗ ಎಷ್ಟೋ ಮನೆಗಳಲ್ಲಿ ಇದು ಸಡಿಲವಾಗಿದೆ. ಸೊಸೆ ಹೈಸ್ಕೂಲು ಮಾಸ್ತರ್ತಿ, ಮುಟ್ಟಾದ ದಿನವೂ ಎದ್ದು ಚಾ ಮಾಡಿ, ಬಸ್ಸು ಹತ್ತಿ ಹೋಗುತ್ತಾಳೆ, ಅತ್ತೆ ನೋಡಿಯೂ ನೋಡದವಳಂತೆ ಇರುತ್ತಾಳೆ. ಆದರೆ ಮನೆಯಲ್ಲಿ ಚೌತಿಯೋ ತಿಥಿಯೋ ಉಪನಯನವೋ ಬಂತು ಅನ್ನಿ, ಸಡಿಲವಾಗಿದ್ದದ್ದೆಲ್ಲ ಒಂದೇ ದಿನದಲ್ಲಿ ಬಿಗಿಯಾಗುತ್ತದೆ. ಗುಳಿಗೆ ತೆಗೆದುಕೋ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ದಿನ ಗೊತ್ತಾಗಿದೆ ಎಂದಷ್ಟೇ ಹೇಳುತ್ತಾರೆ.

ಬರುವ ಹೆಂಗಸರು ಗುಳಿಗೆಯ ಹೆಸರು ಹೇಳುವುದಿಲ್ಲ. ಪಕ್ಕದಲ್ಲಿ ಗಂಡಸರಿದ್ದರೆ ಅವರು ಹೋಗುವ ತನಕ ಟೂತ್‌ಪೇಸ್ಟ್ ನೋಡುತ್ತ ನಿಲ್ಲುತ್ತಾರೆ. ಆಮೇಲೆ ಹತ್ತಿರ ಬಂದು, "ಸೋಮವಾರ ಮನೇಲಿ ತಿಥಿ ಇದ್ದು" ಎನ್ನುತ್ತಾರೆ. ನಾನು ಡ್ರಾಯರ್ ಎಳೆದು, ಒಂದು ಶೀಟನ್ನು ಲಕೋಟೆಯಲ್ಲಿ ಹಾಕಿ, "ಇವತ್ತಿಂದಲೇ ಶುರು ಮಾಡಿ, ದಿನಕ್ಕೆ ಮೂರು" ಎಂದು ಕೊಡುತ್ತಿದ್ದೆ. ಶೀಟಿನ ಬೆನ್ನ ಮೇಲೆ ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಎಂದು ಅದರ ಅರ್ಥ. ನಿದ್ದೆ ಗುಳಿಗೆಯ ಮೇಲೂ ಅದೇ ಗೆರೆ. ಅಲ್ಲಿ ಕಣ್ಣಿಗೆ ಹೊಡೆಯುತ್ತಿದ್ದ ಗೆರೆ ಇಲ್ಲಿ ನನಗೆ ಕಾಣುತ್ತಿರಲಿಲ್ಲ. ಒಳ್ಳೆಯ ಸೀರೆ ಉಟ್ಟು, ಕೊಡೆ ಹಿಡಿದು, ಅಕ್ಕರೆಯಿಂದ ಮಾತಾಡುವ ಹೆಂಗಸರ ಹತ್ತಿರ ಚೀಟಿ ಎಲ್ಲಿದೆ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ.

ಈ ಗುಳಿಗೆ ಮಾಡುವ ಒಂದು ಕಂಪನಿಯ ರೆಪ್ ಹುಬ್ಬಳ್ಳಿಯಿಂದ ಬರುತ್ತಿದ್ದರು. ನಗುಮುಖದ ಮನುಷ್ಯ, ಬೆವರು ಒರೆಸುತ್ತಲೇ ಮಾತಾಡುವವರು. ಮೊದಲೆಲ್ಲ ಅಂಗಡಿಯ ಗೋಡೆಗೆ ತೂಗುಹಾಕಿದ ಪಂಚಾಂಗದ ಮುಂದೆ ನಿಂತು, "ಮೇಡಂ, ಈ ಸಲ ಚವತಿ ಯಾವಾಗ ಬಂತ್ರಿ? ಪಿತೃಪಕ್ಷ ಎಂದ್ ಹಿಡೀತದ?" ಎಂದು ಕೇಳಿ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಎರಡು ವರ್ಷದ ಮೇಲೆ ಅವರ ಬ್ಯಾಗಿನಲ್ಲೇ ಸ್ಯಾಂಪಲ್ಲುಗಳ ಜೊತೆ ಒಂದು ಪಂಚಾಂಗ ಬಂತು. "ನಿಮ್ ಕಡಿ ಇದ ನಮಗ ಸೇಲ್ಸ್ ಪ್ಲಾನ್ ನೋಡ್ರಿ" ಎಂದು ಅದನ್ನು ತಟ್ಟಿ ತೋರಿಸಿದ್ದರು. ನಾನೂ ನಕ್ಕೆ. ಚೌತಿಗೆ ಮೂರು ವಾರ ಮೊದಲು ಕಂಪನಿಯ ಸ್ಕೀಮು ಬರುತ್ತಿತ್ತು, ಇಷ್ಟು ಬಾಕ್ಸ್ ತೆಗೆದುಕೊಂಡರೆ ಒಂದು ಪುಕ್ಕಟೆ. ಅವರ ಮನೆಯಲ್ಲಿ ಇಂಥ ಮೂರು ದಿನದ ಪದ್ಧತಿ ಇರಲಿಲ್ಲ. ಕಂಪನಿಗೂ ನಮ್ಮ ಮಡಿಯಲ್ಲಿ ನಂಬಿಕೆ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ತಾರೀಕು ಗೊತ್ತಿದ್ದರೆ ಸಾಕಿತ್ತು.

ಒಂದು ವರ್ಷ ನವರಾತ್ರಿಯ ಹೊತ್ತಿಗೆ ಕಾಲೇಜಿನ ಸಮಾಜಶಾಸ್ತ್ರದ ಉಪನ್ಯಾಸಕಿಯೊಬ್ಬರು ನಾಲ್ಕು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಸರ್ವೆಯ ಫಾರ್ಮು. ನಿಮ್ಮ ಅಂಗಡಿಯಲ್ಲಿ ದುರ್ಬಳಕೆಯಾಗುವ ಔಷಧಿ ಯಾವುದು, ಯಾವ ವಯಸ್ಸಿನವರು ಕೇಳುತ್ತಾರೆ, ನೀವು ಏನು ಮಾಡುತ್ತೀರಿ ಎಂದೆಲ್ಲ ಅದರಲ್ಲಿತ್ತು. ನಾನು ಎದೆ ಮುಂದೆ ಮಾಡಿ ಹೇಳಿದೆ. ಸಿರಪ್ಪು, ನಿದ್ದೆ ಗುಳಿಗೆ, ನೋವಿನ ಗುಳಿಗೆ, ಎಲ್ಲ ಬರೆಸಿದೆ. ಕೆಮ್ಮಿ ತೋರಿಸಿದವನ ಕತೆಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಉಪನ್ಯಾಸಕಿಗೆ ಖುಷಿಯಾಗಿ, ತಾವು ಪಾಠ ಮಾಡುವ ಸಾಮಾಜಿಕ ಸಮಸ್ಯೆಗಳ ನೋಟ್ಸಿನ ಜೆರಾಕ್ಸ್ ಪ್ರತಿಯನ್ನು ನನಗೆ ಕೊಟ್ಟರು. ವಿದ್ಯಾರ್ಥಿಗಳು ಮೆಟ್ಟಿಲಿಳಿದು ಹೋದ ಮೇಲೆ ಅವರು ಹಿಂದೆ ಉಳಿದರು. ಫಾರ್ಮುಗಳನ್ನು ಬ್ಯಾಗಿಗೆ ಹಾಕಿ, ದನಿ ತಗ್ಗಿಸಿ, "ನಮ್ಮನೇಲಿ ನವರಾತ್ರಿ ಪೂಜೆ ಒಂಬತ್ತು ದಿನ. ಅಷ್ಟಕ್ಕೂ ಸಾಕಾಗುವಷ್ಟು ಕೊಟ್ಟುಬಿಡಿ" ಅಂದರು. ನಾನು ಡ್ರಾಯರ್ ಎಳೆದು ಕೊಟ್ಟೆ. ಫಾರ್ಮಿನಲ್ಲಿ ಇದನ್ನು ಬರೆಯಬೇಕು ಎಂದು ಅವರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಅಕ್ಕನಿಗೆ ಮೊದಲ ಶೀಟು ಕೊಟ್ಟದ್ದು ಅಪ್ಪಯ್ಯನ ವರ್ಷಾಂತಕ್ಕೆ. ಅಪ್ಪಯ್ಯ ತೀರಿಕೊಂಡು ವರ್ಷ ತುಂಬಿದ ಕಾರ್ಯ, ಸಿದ್ದಾಪುರದಲ್ಲಿ ಅಣ್ಣನ ಮನೆಯಲ್ಲಿ. ಅಪ್ಪಯ್ಯನಿಗೆ ಅಕ್ಕ ಮಾಡಿದ ವಡೆ ಇಷ್ಟ, ಅದನ್ನು ಅವಳೇ ಕರಿಯಬೇಕೆಂದು ಅವಳ ಆಸೆ. ಲೆಕ್ಕ ಹಾಕಿದರೆ ಅವತ್ತಿಗೆ ಸರಿಯಾಗಿ ಹೊರಗಾಗುವ ದಿನ. ಫೋನಿನಲ್ಲಿ ಅತ್ತಳು. ನಾನು ಆಗ ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗಿತ್ತು, ಗೊತ್ತಿದ್ದದ್ದನ್ನು ತೋರಿಸಿಕೊಳ್ಳುವ ಹುಮ್ಮಸ್ಸು. "ಅದಕ್ಕೆಂತಕ್ಕೆ ಅಳ್ತೆ? ಆನು ಗುಳಿಗೆ ಕಳಿಸ್ತೆ" ಅಂದೆ. ಅಕ್ಕ ವಡೆ ಕರಿದಳು. ಅಪ್ಪಯ್ಯನಿಗೆ ತಲುಪಿತು ಎಂದು ಎಲ್ಲರೂ ಅಂದರು. ನನಗೆ ದೊಡ್ಡ ಕೆಲಸ ಮಾಡಿದ ಹಾಗೆ ಅನ್ನಿಸಿತು.

ಆ ಮೇಲೆ ಅದು ಅವಳ ಕೆಲಸಕ್ಕೇ ಬೇಕಾಯಿತು. ಅಕ್ಕನ ಮನೆ ಯಲ್ಲಾಪುರದಿಂದ ಸ್ವಲ್ಪ ದೂರ. ಭಾವ ಗೂಡ್ಸ್ ಟೆಂಪೋ ಓಡಿಸುತ್ತಾರೆ, ಬಾಡಿಗೆ ಸಿಕ್ಕ ದಿನ ಉಂಟು, ಸಿಗದ ದಿನ ಉಂಟು. ಅಕ್ಕ ತಿಥಿ, ಉಪನಯನ, ಮನೆ ಒಕ್ಕಲಿನ ಅಡುಗೆಗೆ ಹೋಗುತ್ತಿದ್ದಳು. ಹೋಳಿಗೆಯಲ್ಲಿ ಅವಳ ಕೈ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಎಣ್ಣೆ ಹಚ್ಚಿದ ಬಾಳೆಯೆಲೆಯ ಮೇಲೆ ಲಟ್ಟಿಸಿ, ಹರಿಯದ ಹಾಗೆ ಕಾವಲಿಗೆ ಹಾಕುವುದನ್ನು ನೋಡಲಿಕ್ಕೇ ಹೆಂಗಸರು ನಿಲ್ಲುತ್ತಿದ್ದರು. ಮನೆಗಳವರು ಮೊದಲು ಅವಳನ್ನು ಕೇಳಿ ಆಮೇಲೆ ಮುಹೂರ್ತ ನೋಡುತ್ತಾರೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಆದರೆ ಒಂದು ಸಲ ಹೊರಗಾಗಿದ್ದೇನೆ, ಬರುವುದಕ್ಕಾಗುವುದಿಲ್ಲ ಎಂದರೆ ಅವರು ಇನ್ನೊಬ್ಬಳನ್ನು ಕರೆಯುತ್ತಾರೆ. ಆ ಇನ್ನೊಬ್ಬಳು ಚೆನ್ನಾಗಿ ಮಾಡಿಬಿಟ್ಟರೆ ಮುಂದಿನ ಸಲವೂ ಅವಳೇ. ಅಕ್ಕನಿಗೆ ಇದರ ಹೆದರಿಕೆ ಇತ್ತು. "ತಂಗೀ, ಬಪ್ಪ ವಾರ ಎರಡು ಕಡೆ ಇದ್ದು. ಬಸ್ಸಿಗೆ ಕೊಡು" ಎಂದು ಫೋನ್ ಮಾಡುತ್ತಿದ್ದಳು. ನಾನು ಖಾಲಿ ಔಷಧಿ ಬಾಕ್ಸಿನಲ್ಲಿ ಶೀಟು ಇಟ್ಟು, ಟೇಪು ಸುತ್ತಿ, ಯಲ್ಲಾಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಅಕ್ಕ ತನ್ನ ಸ್ಟಾಪಿನಲ್ಲಿ ಕಾದು ನಿಂತಿರುತ್ತಿದ್ದಳು. ಮೊದಮೊದಲು ವರ್ಷಕ್ಕೆ ಎರಡು ಸಲ, ಮದುವೆ ಉಪನಯನದ ಕಾಲದಲ್ಲಿ ತಿಂಗಳು ಬಿಡದೆ.

ಕೊನೆಯ ವರ್ಷದಲ್ಲಿ ಅವಳು ತಲೆನೋವಿನ ಮಾತು ತೆಗೆದಳು. "ಒಂದು ಬದಿಗೇ ಬತ್ತು. ಅದಕ್ಕೂ ಮುಂಚೆ ಕಣ್ಣೆದುರು ಬೆಳಕು ಕುಣಿದಾಂಗೆ ಆಗ್ತು" ಅಂದಳು. ಒಲೆಯ ಮುಂದೆ ಕೂತು ಕೂತು ಹಾಗಾಗಿದೆ, ನೀರು ಕುಡಿ ಎಂದೆ. ಆಮೇಲೆ ತಲೆನೋವಿನ ಗುಳಿಗೆಯನ್ನೂ ಅದೇ ಬಾಕ್ಸಿನಲ್ಲಿ ಇಟ್ಟು ಕಳಿಸಲಿಕ್ಕೆ ಶುರು ಮಾಡಿದೆ. ಹೊರಗಿನ ಯಾರಾದರೂ ಕೌಂಟರಿನ ಆ ಬದಿ ನಿಂತು ಹೀಗೆ ಹೀಗೆ ತಲೆನೋವು ಎಂದಿದ್ದರೆ, ಬೇರೆ ಏನು ಗುಳಿಗೆ ತೆಗೆದುಕೊಳ್ಳುತ್ತೀರಿ ಎಂದು ನಾನು ಖಂಡಿತ ಕೇಳುತ್ತಿದ್ದೆ. ಅಕ್ಕನಿಗೆ ಕೇಳಲಿಲ್ಲ. ಅವಳು ಏನು ತೆಗೆದುಕೊಳ್ಳುತ್ತಾಳೆ ಎಂಬುದು ನನಗೆ ಗೊತ್ತೇ ಇತ್ತಲ್ಲ.

ಆದದ್ದು ಯಲ್ಲಾಪುರದ ಒಂದು ಹೊಸಮನೆಯ ಒಕ್ಕಲಿನಲ್ಲಿ, ಬೆಳಗಿನ ಹತ್ತು ಗಂಟೆಗೆ. ಹೋಳಿಗೆ ಲಟ್ಟಿಸುತ್ತಿದ್ದ ಅಕ್ಕನ ಎಡಗೈಯಿಂದ ಲಟ್ಟಣಿಗೆ ಜಾರಿತಂತೆ. ಎತ್ತಿಕೊಂಡಳು, ಮತ್ತೆ ಜಾರಿತು. ಜೋಮು ಹಿಡಿದಿದೆ ಎಂದುಕೊಂಡಳು. ಜೊತೆಯವರೂ ಹಾಗೇ ಅಂದರು, ಒಬ್ಬರು ಎಣ್ಣೆ ತಿಕ್ಕಿದರು. ಇನ್ನೊಬ್ಬಳಿಗೆ ಲಟ್ಟಿಸಲು ಹೇಳಿ, ಅಕ್ಕ ಬಲಗೈ ಒಂದರಿಂದಲೇ ಕಾವಲಿಯ ಮೇಲೆ ಹೋಳಿಗೆ ಮಗುಚುತ್ತ ಕೂತಳು. ಕೊನೆಯ ಪಂಕ್ತಿಗೆ ಬಡಿಸುವ ತನಕ ಕೂತಳು. ಏಳಲಿಕ್ಕೆ ನೋಡಿದಾಗ ಎಡಗಾಲು ಬರಲಿಲ್ಲ, ಬಾಯಿ ಒಂದು ಬದಿಗೆ ವಾಲಿತ್ತು. ಭಾವ ಟೆಂಪೋದಲ್ಲೇ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಲಕ್ವ ಹೊಡೆದಿದೆ, ಬೇಗ ಬಂದಿದ್ದರೆ ಕೊಡುವ ಔಷಧಿ ಬೇರೆ ಇತ್ತು ಎಂದು ಅಲ್ಲಿ ಹೇಳಿದರು. ಹೋಳಿಗೆ ಮಾತ್ರ ಯಾರಿಗೂ ಕಡಿಮೆ ಬೀಳಲಿಲ್ಲ.

ನಾನು ಶಿರಸಿಯಿಂದ ಆಸ್ಪತ್ರೆ ಮುಟ್ಟುವಾಗ ಡಾಕ್ಟರು ವಾರ್ಡಿನ ಬಾಗಿಲಲ್ಲಿ ಭಾವನ ಜೊತೆ ಮಾತಾಡುತ್ತಿದ್ದರು. "ಬಿಪಿ, ಶುಗರ್ ಇತ್ತೇನ್ರಿ? ಯಾವ್ದರ ಗುಳಿಗಿ ನಡದಿತ್ತೇನು?" ಎಂದು ಕೇಳಿದರು. ಭಾವ, "ಎಂತದೂ ಇಲ್ಲೆ" ಎಂದು ನನ್ನ ಕಡೆ ನೋಡಿದರು, ಮೆಡಿಕಲ್ಲಿನಲ್ಲಿ ಇರುವವಳು ನಾನಲ್ಲವೇ. ನಾನೂ ಇಲ್ಲ ಎಂದೆ. ಅದು ಬೇಕೆಂದೇ ಹೇಳಿದ ಸುಳ್ಳಾ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಲ್ಲ. ಆ ಹೊತ್ತಿಗೆ ಅದೊಂದು ಗುಳಿಗೆ ಎಂದು ನನಗೆ ನೆನಪಾಗಲೇ ಇಲ್ಲ.

ಸ್ವಲ್ಪ ಹೊತ್ತಿಗೆ ದಾಖಲು ಮಾಡುವವರು ಆಧಾರ್ ಕಾರ್ಡ್ ಕೇಳಿದರು. ಅಕ್ಕನ ಬಟ್ಟೆಚೀಲದಲ್ಲಿ ಕೈ ಹಾಕಿದೆ. ಒಗೆದ ಸೀರೆ, ಬಾಚಣಿಗೆ, ಅದರ ಕೆಳಗೆ ಟೇಪು ಸುತ್ತಿದ ಬಾಕ್ಸು. ಮೇಲೆ ನನ್ನದೇ ಅಕ್ಷರದಲ್ಲಿ ಅಕ್ಕನ ಊರಿನ ಸ್ಟಾಪಿನ ಹೆಸರು. ಒಳಗೆ ಎರಡು ಶೀಟು, ಒಂದು ಮುಟ್ಟು ಮುಂದೆ ಹಾಕುವುದು, ಒಂದು ತಲೆನೋವಿನದು, ಎರಡೂ ಅರ್ಧರ್ಧ ಖಾಲಿ. ಬಾಕ್ಸು ಹಿಡಿದುಕೊಂಡು ಕಾರಿಡಾರಿನಲ್ಲಿ ಡಾಕ್ಟರನ್ನು ಹುಡುಕಿ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ ನೋಡಿದರು. ತಲೆನೋವು ಹೇಗೆ ಬರುತ್ತಿತ್ತು ಎಂದು ಕೇಳಿದರು, ಹೇಳಿದೆ. "ಇದರಿಂದನ ಆತು ಅಂತ ಖಾತ್ರಿ ಹೇಳಾಕ ಬರೂದಿಲ್ಲ. ಆದ್ರ ಅಂಥಾ ತಲಿನೋವು ಇದ್ದವ್ರಿಗೆ ಈ ಗುಳಿಗಿ ಕೊಡೂಮುಂದ ವಿಚಾರ ಮಾಡಬೇಕಾಗ್ತದ. ಯಾರು ಕೊಟ್ಟಿದ್ರು?" ಎಂದರು. "ನಾನೇ" ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎದುರು ಮಾತಾಡಲಿಕ್ಕೆ ಬರುತ್ತಿತ್ತು. "ಇನ್ನ ಜಲ್ಮದಾಗ ಈ ಗುಳಿಗಿ ಮುಟ್ಟಬಾರದು. ಅವ್ರಿಗೆ ನೀವ ತಿಳಿಸಿ ಹೇಳ್ರಿ, ನಿಮ್ಮ ಮಾತು ಕೇಳ್ತಾರ" ಎಂದು ಹೊರಟುಹೋದರು. ಡಿಸ್ಚಾರ್ಜಿನ ಕಾಗದದಲ್ಲೂ ಇಂಗ್ಲಿಷಿನಲ್ಲಿ ಬರೆದಿದ್ದರು. ಭಾವ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಟೆಂಪೋದ ಕಾಗದಪತ್ರಗಳ ಜೊತೆ ಇಟ್ಟರು.

ಮಾತು ಬೇಗ ಸರಿಹೋಯಿತು, ಕಾಲು ಎಳೆದಾದರೂ ನಡೆಯುತ್ತಾಳೆ. ಕೈ ಬರಲಿಲ್ಲ. ಬೆರಳು ಅಲ್ಲಾಡುತ್ತದೆ, ಆದರೆ ಹಿಡಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅಡುಗೆಗೆ ಕರೆಯುವವರು ನಿಂತರು. ಯಾರದೋ ಕಣ್ಣು ಬಿತ್ತು ಎಂದು ಭಾವನ ತಾಯಿ ಅಂದರು. ಅಕ್ಕ ಅದನ್ನೇ ನಂಬಿದ್ದಳೋ ಇಲ್ಲವೋ, ನನ್ನ ಹತ್ತಿರ ಏನೂ ಕೇಳಲಿಲ್ಲ. ಕೇಳಿದರೆ ಹೇಳುತ್ತೇನೆ ಎಂದು ನಾನೂ ಕಾಯುತ್ತ ಕೂತೆ. ನನ್ನಂಥ ಬಾಯಿಬಡುಕಿಗೆ ಆ ಒಂದು ಮಾತು ಬರಲಿಲ್ಲ.

ಆ ದಿನಗಳಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದಾಗ ಉಪನ್ಯಾಸಕಿ ಕೊಟ್ಟ ನೋಟ್ಸನ್ನು ಹುಡುಕಿ ತೆಗೆದು ಓದಿದೆ. ಮಾದಕ ವಸ್ತು ಎಂದು ಒಂದು ಪಾಠ, ಕಂಪನಿಗಳು ಎಂದು ಒಂದು, ಆರೋಗ್ಯ ಎಂದು ಒಂದು. ನನ್ನ ಡ್ರಾಯರು ಯಾವ ಪಾಠಕ್ಕೆ ಸೇರುತ್ತದೆ ಎಂದು ನೋಡಿದೆ. ಮಾದಕ ವಸ್ತುವಿಗೆ ಸೇರುವುದಿಲ್ಲ, ಅಕ್ಕನಿಗೆ ಅದರಿಂದ ಅಮಲೇನೂ ಏರುತ್ತಿರಲಿಲ್ಲ. ಕಂಪನಿಯ ಪಾಠದಲ್ಲಿ ಮೋಸ ಮಾಡುವ ಕಂಪನಿಗಳ ಮಾತಿತ್ತು. ನಮ್ಮ ಗುಳಿಗೆಯವರು ಕೆಂಪು ಗೆರೆ ಎಳೆದಿದ್ದರು, ಬಾಕ್ಸಿನೊಳಗಿನ ಚೀಟಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿದ್ದರು, ತಲೆನೋವನ್ನೂ ಸೇರಿಸಿ. ಆರೋಗ್ಯದ ಪಾಠದಲ್ಲಿ ಆಸ್ಪತ್ರೆ ಇಲ್ಲದ ಊರು, ಓದು ಬರದ ಜನ. ನಮ್ಮಲ್ಲಿ ಆಸ್ಪತ್ರೆಯೂ ಇತ್ತು, ಓದು ಎಲ್ಲರಿಗೂ ಬರುತ್ತಿತ್ತು. ಸಮಸ್ಯೆ ಎಂದರೆ ಪುಸ್ತಕದಲ್ಲಿ ಬೇರೆ ಯಾರಿಗೋ ಇರುವಂಥದ್ದು. ಸಿಟ್ಟು ಬಂದು ನೋಟ್ಸನ್ನು ರದ್ದಿಗೆ ಹಾಕಿದೆ, ಮರುದಿನ ಮತ್ತೆ ತೆಗೆದಿಟ್ಟೆ.

ಅಂಗಡಿಯಲ್ಲಿ ಈಗ ಚೀಟಿ ಕೇಳುತ್ತೇನೆ. ತಲೆನೋವು ಬರುತ್ತದೆಯೇ, ಕಾಲು ಬಾತಿದೆಯೇ ಎಂದು ಕೇಳುತ್ತೇನೆ. ಹೆಂಗಸರು ಮುಖ ಕೆಂಪು ಮಾಡಿಕೊಂಡು ಅತ್ತ ಇತ್ತ ನೋಡಿ, "ಬೇಡ ಬಿಡಿ" ಎಂದು ರಸ್ತೆ ದಾಟಿ ಆಚೆಯ ಅಂಗಡಿಗೆ ಹೋಗುತ್ತಾರೆ. ಯಜಮಾನರು ಒಂದು ದಿನ ಮೆಲ್ಲಗೆ, "ಸಿರಪ್ಪಿನವ್ಕೆ ಬೈದಾಂಗೆ ಇವ್ಕೆ ಬೈದ್ರೆ ಹೆಂಗೆ?" ಎಂದರು. ಬೈದಿರಲಿಲ್ಲ, ಕೇಳಿದ್ದೆ. ರೆಪ್ ಬಂದು ಪಂಚಾಂಗ ತೆಗೆದಾಗ ನಾನು ಒಳಗೆ ಹೋಗಿ ಬಾಕ್ಸು ಜೋಡಿಸುತ್ತ ನಿಂತೆ. ಅವರ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಒಳ್ಳೆಯ ಮನುಷ್ಯ, ಮಗಳ ಪರೀಕ್ಷೆಯ ಮಾತಾಡಿ ಹೋದರು.

ಈ ವರ್ಷದ ಅಪ್ಪಯ್ಯನ ತಿಥಿಗೆ ಎರಡು ವಾರ ಇರುವಾಗ ಅಕ್ಕನ ಫೋನ್ ಬಂತು. "ಆ ದಿನಕ್ಕೇ ಬತ್ತು ಕಾಣ್ತು. ಒಂದು ಶೀಟು ಬಸ್ಸಿಗೆ ಕೊಡೆ" ಅಂದಳು. ಆಗಲೇ ಹೇಳಬೇಕಿತ್ತು. ಬಾಯಿಂದ ಹೊರಟದ್ದು, "ಸ್ಟಾಕ್ ಇಲ್ಲೆ". ಡ್ರಾಯರ್ ನನ್ನ ಮೊಣಕಾಲಿಗೆ ತಾಗುತ್ತಿತ್ತು. ನನ್ನ ಲೆಕ್ಕವೂ ಅದೇ ದಿನಕ್ಕೆ ಬರುತ್ತಿತ್ತು. ನಾನೂ ಇಷ್ಟು ವರ್ಷ ಅದೇ ಡ್ರಾಯರಿನಿಂದ ತೆಗೆದುಕೊಂಡವಳೇ. ಈ ಸಲ ತೆಗೆದುಕೊಳ್ಳಲಿಲ್ಲ.

ತಿಥಿಯ ಹಿಂದಿನ ದಿನ ಸಿದ್ದಾಪುರಕ್ಕೆ ಹೋದೆ. ಅಕ್ಕ ಆಗಲೇ ಬಂದಿದ್ದಳು. ಬೆಳಿಗ್ಗೆ ಎದ್ದಾಗ ಇಬ್ಬರ ಕತೆಯೂ ಒಂದೇ. ಅತ್ತಿಗೆ ಹಣೆ ಚಚ್ಚಿಕೊಂಡಳು. "ಮೆಡಿಕಲ್ಲಿನಲ್ಲಿ ಕೂತವಳು ನೀನೇ ಹಿಂಗೆ ಮಾಡಿದ್ರೆ ಹೆಂಗೇ?" ಎಂದು ನನಗೆ ಒಂದು ಮಾತು ಅಂದು, ಪೇಟೆಯಿಂದ ಅಡುಗೆಯವರನ್ನು ಕರೆಸಿದಳು. ಅಣ್ಣ ಕಾರನ್ನು ರಸ್ತೆಗೆ ತೆಗೆದು ನಿಲ್ಲಿಸಿದ. ಖಾಲಿಯಾದ ಕಾರಿನ ಶೆಡ್ಡಿನಲ್ಲಿ ನಮಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ನೆಲದ ಮೇಲೆ ಎಣ್ಣೆಯ ಕಲೆ, ಮೂಲೆಯಲ್ಲಿ ಹಳೇ ಟೈರು. ಅಲ್ಲಿ ಕೂತರೆ ಅಡುಗೆಮನೆಯ ಕಿಟಕಿ ಕಾಣುತ್ತದೆ. ಒಳಗೆ ಭಟ್ಟರ ಮಂತ್ರ ಶುರುವಾಯಿತು, ಆಮೇಲೆ ವಡೆ ಕರಿಯುವ ವಾಸನೆ ಬಂತು.

"ಎಣ್ಣೆ ಕಾದಿದ್ದಿಲ್ಲೆ ಇನ್ನೂ, ಈಗಲೇ ಹಾಕಿದ್ದ" ಎಂದು ಅಕ್ಕ ವಾಸನೆಯಲ್ಲೇ ಅಡುಗೆಯವನ ತಪ್ಪು ಹಿಡಿದಳು. ಆಮೇಲೆ, "ಎಂತ ಸ್ಟಾಕ್ ಇಲ್ಲದ್ದು ನಿಂಗಳ ಅಂಗಡೀಲಿ? ಕಡೆಗೆ ಯಲ್ಲಾಪುರದಲ್ಲೇ ತರ್ಸಿದೆ. ತಡ ಆಗಿತ್ತು, ಎರಡು ದಿನ ತಗಂಡ್ರೂ ನಿಂತಿದ್ದಿಲ್ಲೆ" ಅಂದಳು. ಅಂದವಳು ಬಲಗೈಯಿಂದ ಚೀಲ ತೆಗೆದು ಶೀಟನ್ನು ನನ್ನ ಮಡಿಲಲ್ಲಿ ಹಾಕಿದಳು. ಶೀಟಿನಲ್ಲಿ ಒಡೆದ ಗೂಡುಗಳನ್ನು ಎಣಿಸಿದೆ. ಆರು ಗುಳಿಗೆ ಇರಲಿಲ್ಲ.

ಒಂದು ವರ್ಷದಲ್ಲಿ ಮೊದಲ ಸಲ ನನಗೆ ಹೆದರಿಕೆಯಾಯಿತು. ನಾನು ಅವಳ ಎಡಗಡೆ ಕೂತಿದ್ದೆ. ಹೊರಗೆ ಕೂತ ಇಬ್ಬರು ಮುಟ್ಟಿಕೊಳ್ಳಬಹುದು ಎಂಬುದು ನೆನಪಾಗಿ, ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಾನೂ ಗುಳಿಗೆ ತೆಗೆದುಕೊಂಡು ಒಳಗಿದ್ದಿದ್ದರೆ ಅಷ್ಟು ದೂರದಿಂದ ಕೂಗಿ ಹೇಳಬೇಕಾಗುತ್ತಿತ್ತು.

"ಅಕ್ಕಾ, ಇದು ಇನ್ನು ಯಾವತ್ತೂ ತಗಳಡ. ನಿಂಗೆ ಹಂಗಾದ್ದು ಈ ಗುಳಿಗೆಯಿಂದಲೇ ಇಕ್ಕು. ಆ ತಲೆನೋವು ಇದ್ದವು ಇದನ್ನ ತಗಂಬಲಾಗ. ನೀನು ತಲೆನೋವಿನ ಸುದ್ದಿ ಹೇಳಿದ್ರೂ ಆನು ಎರಡು ಗುಳಿಗೆಯನ್ನೂ ಒಟ್ಟಿಗೆ ಕಳಿಸಿದ್ದೆ. ಡಾಕ್ಟರು ಅವತ್ತೇ ಹೇಳಿದ್ದ. ನಿಂಗೆ ಹೇಳಿದ್ನಿಲ್ಲೆ. ಸ್ಟಾಕ್ ಇತ್ತು."

ಅಕ್ಕ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿದ್ದಳು. ಒಳಗೆ ಅಣ್ಣನನ್ನು ಭಟ್ಟರು ಏನೋ ಕೇಳಿದರು, ಅಣ್ಣ ಉತ್ತರ ಹೇಳಿದ. ವಡೆಯ ಎರಡನೇ ಸುತ್ತು ಎಣ್ಣೆಗೆ ಬಿದ್ದ ಸದ್ದು ಕೇಳಿತು.

"ಹಂಗಾರೆ ಅವತ್ತು ಅಪ್ಪಯ್ಯನ ವರ್ಷಾಂತಕ್ಕೂ ಹಿಂಗೇ ಕೂತಿದ್ರೆ ಆಗ್ತಿತ್ತು" ಅಂದಳು. ಆಮೇಲೆ, "ಈಗ ಇಬ್ರೂ ಕೂತಿದ್ಯ. ಎಂತಾತು? ಎಂತದೂ ಆಜಿಲ್ಲೆ. ತಿಥಿ ಆಗ್ತಾ ಇದ್ದು."

ನನಗೆ ಅಳು ಬಂತು. ಬೈಯಲಿ ಎಂದು ಕಾದೆ. ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದೆ, ಉಗುರು ನಾಟುವಷ್ಟು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಶೀಟನ್ನು ಎತ್ತಿಕೊಳ್ಳಲಿಕ್ಕೆಂದು ನನ್ನ ಮಡಿಲ ಕಡೆ ನೋಡಿದವಳಿಗೆ ನನ್ನ ಕೈಯೊಳಗೆ ಇದ್ದ ತನ್ನ ಕೈ ಕಂಡಿತು.

"ಕೈ ಹಿಡ್ಕಂಡಿದ್ಯನೇ?" ಎಂದಳು. "ಈ ಬದಿಗೆ ಬಾ. ಬಲಗೈ ಹಿಡ್ಕ. ಎಡಗೈಗೆ ಗೊತ್ತಾಗ್ತಿಲ್ಲೆ."

ನಾನು ಎದ್ದು, ಕುರ್ಚಿ ಎತ್ತಿಕೊಂಡು, ಅವಳ ಬಲಗಡೆಗೆ ಹೋಗಿ ಕೂತೆ.